ಹಾಲಿನ ಲೆಕ್ಕ, ಹಸುವಿನ ಲೆಕ್ಕ: ನೈಸರ್ಗಿಕ ಬಂಡವಾಳದ ಒಂದು ಪಾಠ

ಕಳೆದ ಸಾಲಿನ ಬೋಧನಾಭ್ಯಾಸದ ಅವಧಿಯಲ್ಲಿ ಕಾರವಾರ ತಾಲ್ಲೂಕಿನ ಮಲ್ಲಾಪುರದ ಒಂದು ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ತರಗತಿಗೆ ನಾನೇ ಒಂದು ಪ್ರಾತ್ಯಕ್ಷಿಕೆ ಪಾಠ ಮಾಡಿದೆ. ಘಟಕ ‘ರಾಷ್ಟ್ರೀಯ ಆದಾಯದ ಲೆಕ್ಕಾಚಾರ’, ಉಪಘಟಕ ‘ಜಿಡಿಪಿ ಮತ್ತು ಕ್ಷೇಮ’. ಹಿಂದಿನ ಬೆಂಚುಗಳಲ್ಲಿ ನಮ್ಮ ಅರ್ಥಶಾಸ್ತ್ರ ಬೋಧನಾ ವಿಧಾನದ ಪ್ರಶಿಕ್ಷಣಾರ್ಥಿಗಳು ವೀಕ್ಷಣಾ ನಮೂನೆ ಹಿಡಿದು ಕುಳಿತಿದ್ದರು. ಆ ಪಾಠ ಕೆಟ್ಟಿತು. ಅದು ಎಲ್ಲಿ ಕೆಟ್ಟಿತು, ಒಂದು ವಾರದ ನಂತರ ಅದೇ ತರಗತಿಯಲ್ಲಿ ಅದನ್ನು ಹೇಗೆ ಮತ್ತೆ ಕಟ್ಟಬೇಕಾಯಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಾಠದ ಜೊತೆಗೆ ವಿಷಯವನ್ನೂ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪಠ್ಯಪುಸ್ತಕದಲ್ಲಿ ‘ಬಾಹ್ಯತೆಗಳು’ ಎಂದು ಒಂದು ಪ್ಯಾರಾದಲ್ಲಿ ಮುಗಿದುಹೋಗುವ ಮಾತು ಇಂದು ಲೆಕ್ಕಶಾಸ್ತ್ರದ ಒಂದು ದೊಡ್ಡ ಶಾಖೆಯಾಗಿ ಬೆಳೆದಿದೆ.

ಮೊದಲ ಪಾಠ

ಪೀಠಿಕೆ ಚೆನ್ನಾಗಿಯೇ ಆಯಿತು. ಮಲ್ಲಾಪುರ ಎಂದರೆ ಕೈಗಾ ಅಣು ವಿದ್ಯುತ್ ಸ್ಥಾವರದ ವಸತಿ ಪ್ರದೇಶ. ತರಗತಿಯಲ್ಲಿ ಸ್ಥಾವರದ ನೌಕರರ ಮಕ್ಕಳೂ ಇದ್ದರು, ಸುತ್ತಲಿನ ಹಳ್ಳಿಗಳ ಮಕ್ಕಳೂ ಇದ್ದರು. ‘ನಿಮ್ಮ ಊರಿನಿಂದ ದೇಶದ ಆದಾಯಕ್ಕೆ ಏನು ಸೇರುತ್ತದೆ?’ ಎಂದು ಕೇಳಿದೊಡನೆ ಕೈಗಳು ಮೇಲೆದ್ದವು. ತಲಾ 220 ಮೆಗಾವಾಟಿನ ನಾಲ್ಕು ಘಟಕ, ಒಟ್ಟು 880 ಮೆಗಾವಾಟ್ ಎಂದ ಒಬ್ಬ. ಇನ್ನೊಬ್ಬಳು ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ಆಗ ವಿಶ್ವದಾಖಲೆ ಮಾಡಿತ್ತೆಂದು ದಿನಾಂಕ ಸಮೇತ ಹೇಳಿದಳು. ಪಕ್ಕದಲ್ಲೇ ಕಾಳಿ ನದಿಗೆ ಕಟ್ಟಿದ ಕದ್ರಾ ಅಣೆಕಟ್ಟೆಯ 150 ಮೆಗಾವಾಟೂ ಬಂತು. ಎಲ್ಲವನ್ನೂ ಕಪ್ಪುಹಲಗೆಯ ಎಡಭಾಗದಲ್ಲಿ ಬರೆದೆ.

ಬಲಭಾಗದಲ್ಲಿ ‘ಲೆಕ್ಕಕ್ಕೆ ಬಾರದ್ದು’ ಎಂದು ಶೀರ್ಷಿಕೆ ಕೊಟ್ಟು, ಕಾಡಿಗೂ ಬೆಲೆಯಿದೆ ಎಂದು ತೋರಿಸುವ ಉತ್ಸಾಹದಲ್ಲಿ ಒಂದು ಅಂಕಿ ಬರೆದೆ. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಟ್ಟುಕೊಡುವಾಗ ಕಟ್ಟಿಸಿಕೊಳ್ಳುವ ‘ನಿವ್ವಳ ಪ್ರಸ್ತುತ ಮೌಲ್ಯ’ಕ್ಕೆ ಸುಪ್ರೀಂ ಕೋರ್ಟ್ 2008ರಲ್ಲಿ ಒಪ್ಪಿದ ದರ: ಕಾಡಿನ ವರ್ಗ ಮತ್ತು ದಟ್ಟಣೆ ನೋಡಿಕೊಂಡು ಹೆಕ್ಟೇರಿಗೆ ₹4.38 ಲಕ್ಷದಿಂದ ₹10.43 ಲಕ್ಷ. 2022ರಲ್ಲಿ ಈ ದರಗಳು ಏರಿವೆ ಎಂಬುದನ್ನೂ ಸೇರಿಸಿದೆ.

ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಅಂದ್ರೆ ಅಷ್ಟು ದುಡ್ಡು ಕೊಟ್ರೆ ಕಡೀಬಹುದಾ ಸರ್?’

ಅದು ಕಾನೂನಿನ ಪ್ರಶ್ನೆ ಎಂದೇನೋ ಹೇಳಿ ಮುಂದೆ ಹೋಗಲು ನೋಡಿದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಕೇಳಿದ: ‘ನಮ್ಮಜ್ಜನ ತೋಟ ಜಲಾಶಯದಲ್ಲಿ ಮುಳುಗಿದೆ. ಅದು ಯಾವ ಕಾಲಮ್ಮಿನಲ್ಲಿ ಬರ್ತದೆ?’ ಕುಹಕದಿಂದ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ. ಒಂದು ಕ್ಷಣ ತರಗತಿ ಸುಮ್ಮನಾಯಿತು. ನಾನೂ ಸುಮ್ಮನಾದೆ. ಗಂಟೆ ಹೊಡೆಯಿತು.

ಸಂಜೆ ವೀಕ್ಷಣಾ ನಮೂನೆಗಳನ್ನು ತಿರುವಿದೆ. ಹೆಚ್ಚಿನವರು ‘ಸ್ಥಳೀಯ ಉದಾಹರಣೆಗಳ ಬಳಕೆ ಉತ್ತಮ’ ಎಂದು ಬರೆದಿದ್ದರು. ಒಬ್ಬ ಪ್ರಶಿಕ್ಷಣಾರ್ಥಿ ಮಾತ್ರ ಹೀಗೆ ಬರೆದಿದ್ದಳು: ‘ಎರಡು ಮುಖ್ಯ ಪ್ರಶ್ನೆಗಳು ಬಂದವು. ಎರಡಕ್ಕೂ ಉತ್ತರ ಸಿಗಲಿಲ್ಲ.’ ಆ ನಮೂನೆಯನ್ನು ಇಟ್ಟುಕೊಂಡಿದ್ದೇನೆ.

ನನ್ನ ತಪ್ಪು ಉದಾಹರಣೆಯದ್ದಲ್ಲ, ಕ್ರಮದ್ದು. ಪ್ರಕೃತಿಯ ಲೆಕ್ಕವನ್ನು ರೂಪಾಯಿಯಿಂದ ಆರಂಭಿಸಿದೆ. ರೂಪಾಯಿಯಿಂದ ಆರಂಭವಾದ ಲೆಕ್ಕ ವಿದ್ಯಾರ್ಥಿಯ ಕಣ್ಣಿಗೆ ಬೆಲೆಪಟ್ಟಿಯಂತೆ ಕಾಣುತ್ತದೆ, ಹಾಗೆ ಕಂಡದ್ದು ಅವರ ತಪ್ಪಲ್ಲ. ಎರಡನೆಯ ಪಾಠದಲ್ಲಿ ರೂಪಾಯಿ ಕೊನೆಗೆ ಬಂತು.

ಹಸು ಮಾರಿದ ವರ್ಷ

ಎರಡನೆಯ ಪಾಠವನ್ನು ಒಂದು ಮನೆಯ ಜಮಾಖರ್ಚಿನಿಂದ ಶುರುಮಾಡಿದೆ. ಊಹಿಸೋಣ, ಒಂದು ಮನೆಯಲ್ಲಿ ಎರಡು ಹಸುಗಳಿವೆ. ಮೊದಲ ವರ್ಷ ಹಾಲು ಮಾರಿ ₹60,000 ಬಂತು. ಎರಡನೆಯ ವರ್ಷ ಹಾಲಿನಿಂದ ₹50,000, ಒಂದು ಹಸು ಮಾರಿದ್ದರಿಂದ ₹40,000, ಒಟ್ಟು ₹90,000. ಕೈಗೆ ಬಂದ ದುಡ್ಡನ್ನಷ್ಟೇ ಬರೆಯುವ ಪುಸ್ತಕದಲ್ಲಿ ಯಾವುದು ಒಳ್ಳೆಯ ವರ್ಷ? ಎರಡನೆಯದು. ಮೂರನೆಯ ವರ್ಷ ಏನಾಗುತ್ತದೆ? ಮಕ್ಕಳು ನಕ್ಕರು. ಅವರಿಗೆ ಉತ್ತರ ಗೊತ್ತಿತ್ತು.

ಹಾಲು ಹರಿವು, ಹಸು ದಾಸ್ತಾನು. ಲೆಕ್ಕ ಸರಿಯಿರಬೇಕಾದರೆ ಎರಡು ಪುಟ ಬೇಕು: ಈ ವರ್ಷ ಏನು ಬಂತು ಎಂಬ ಪುಟ, ವರ್ಷದ ಕೊನೆಗೆ ಕೊಟ್ಟಿಗೆಯಲ್ಲಿ ಏನು ಉಳಿಯಿತು ಎಂಬ ಪುಟ. ನೈಸರ್ಗಿಕ ಬಂಡವಾಳ ಎನ್ನುವುದು ಈ ಎರಡನೆಯ ಪುಟದ ಮಾತು. ಕಾಡು, ಮಣ್ಣು, ಅಂತರ್ಜಲ, ಅಳಿವೆ, ಮೀನಿನ ಸಂತತಿ ಎಲ್ಲ ಕೊಟ್ಟಿಗೆಯ ಹಸುಗಳು.

ಇಲ್ಲೊಂದು ಎಚ್ಚರ ಬೇಕು. ಈ ಹೋಲಿಕೆ ಜಿಡಿಪಿಗೆ ನೇರವಾಗಿ ಹೊಂದುವುದಿಲ್ಲ. ಹಳೆಯ ಹಸು ಕೈ ಬದಲಾಯಿಸಿದ್ದನ್ನು ರಾಷ್ಟ್ರೀಯ ಲೆಕ್ಕಿಗರು ಉತ್ಪಾದನೆ ಎಂದು ಬರೆದುಕೊಳ್ಳುವುದಿಲ್ಲ. ಆದರೆ ಸಹಜ ಕಾಡಿನ ಮರ ಕಡಿದು ಮಾರಿದರೆ, ಗಣಿಯಿಂದ ಅದಿರು ತೆಗೆದು ಮಾರಿದರೆ ಅದು ಉತ್ಪಾದನೆಯಾಗಿಯೇ ಸೇರುತ್ತದೆ. ನೆಲದಲ್ಲಿದ್ದದ್ದು ಕಡಿಮೆಯಾಯಿತು ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಯಂತ್ರಕ್ಕೆ ಸವಕಳಿ ಕಳೆದು ‘ನಿವ್ವಳ’ ಉತ್ಪನ್ನ ಹೇಳುವ ಪದ್ಧತಿ ಮೊದಲಿನಿಂದ ಇದೆ. ಕಾಡಿಗೆ, ಗಣಿಗೆ, ಮೀನಿಗೆ ಹಾಗೆ ಕಳೆಯುವ ಪದ್ಧತಿ ಇರಲಿಲ್ಲ.

ಇದು ರಾಷ್ಟ್ರೀಯ ಆದಾಯದ ಲೆಕ್ಕ ಕಟ್ಟಿದವರ ಅಜ್ಞಾನವಲ್ಲ. ಅಮೆರಿಕದಲ್ಲಿ ಆ ಲೆಕ್ಕವನ್ನು ರೂಪಿಸಿದ ಸೈಮನ್ ಕುಜ್ನೆಟ್ಸ್ 1934ರ ವರದಿಯಲ್ಲೇ ರಾಷ್ಟ್ರೀಯ ಆದಾಯದಿಂದ ಜನರ ಕ್ಷೇಮವನ್ನು ಅಳೆಯಲಾಗದೆಂದು ಎಚ್ಚರಿಸಿದ್ದರು. ನಮ್ಮಲ್ಲಿ 1931-32ರ ರಾಷ್ಟ್ರೀಯ ಆದಾಯವನ್ನು ಶ್ರಮಪಟ್ಟು ಅಂದಾಜು ಮಾಡಿದವರು ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಕಟ್ಟಿದ ಡಾ. ವಿ.ಕೆ.ಆರ್.ವಿ. ರಾವ್. ಆ ತಲೆಮಾರಿನ ಮುಂದಿದ್ದ ಪ್ರಶ್ನೆ ಉತ್ಪಾದನೆ ಎಷ್ಟು ಎಂಬುದು. ಎಷ್ಟು ಉಳಿದಿದೆ ಎಂಬ ಪ್ರಶ್ನೆ ನಮ್ಮ ಕಾಲದ್ದು.

ಮೊದಲು ವಿಸ್ತೀರ್ಣ

ವಿಶ್ವಸಂಸ್ಥೆಯ ಅಂಕಿಅಂಶ ಆಯೋಗ 2021ರ ಮಾರ್ಚ್‌ನಲ್ಲಿ ಪರಿಸರ ವ್ಯವಸ್ಥೆಗಳ ಲೆಕ್ಕಕ್ಕೆ ಒಂದು ಚೌಕಟ್ಟನ್ನು ಅಂಗೀಕರಿಸಿತು. ಅದರಲ್ಲಿ ಐದು ಲೆಕ್ಕಗಳಿವೆ: ವಿಸ್ತೀರ್ಣ, ಸ್ಥಿತಿ, ಸೇವೆಗಳ ಭೌತಿಕ ಪ್ರಮಾಣ, ಸೇವೆಗಳ ಹಣದ ಮೌಲ್ಯ, ಆಸ್ತಿಯ ಹಣದ ಮೌಲ್ಯ. ಗಮನಿಸಿ, ಮೊದಲ ಮೂರರಲ್ಲಿ ರೂಪಾಯಿಯೇ ಇಲ್ಲ. ಹೆಕ್ಟೇರು, ಟನ್ನು, ತಿಂಗಳು, ಘನಮೀಟರ್ ಇವೆ. ನಾನು ಮೊದಲ ಪಾಠದಲ್ಲಿ ಐದನೆಯ ಮೆಟ್ಟಿಲಿನ ಮೇಲೆ ನಿಂತು ಮಕ್ಕಳನ್ನು ಕರೆದಿದ್ದೆ.

ವಿಸ್ತೀರ್ಣದ ಲೆಕ್ಕಕ್ಕೆ ನಮ್ಮ ಜಿಲ್ಲೆಯೇ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಉಪಗ್ರಹ ಚಿತ್ರಗಳಿಂದ ಮಾಡಿದ ಅಧ್ಯಯನದ ಪ್ರಕಾರ ಉತ್ತರ ಕನ್ನಡದ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು 1973ರಲ್ಲಿ ಜಿಲ್ಲೆಯ ಸುಮಾರು ಶೇ. 67ರಷ್ಟಿತ್ತು. 2013ರ ಹೊತ್ತಿಗೆ ಸುಮಾರು ಶೇ. 32ಕ್ಕೆ ಇಳಿದಿತ್ತು. ಜಿಲ್ಲೆಯ ವಿಸ್ತೀರ್ಣ ಸುಮಾರು 10,290 ಚದರ ಕಿಲೋಮೀಟರ್. ಉಳಿದದ್ದು ಮಕ್ಕಳ ಕೆಲಸ: ಆರಂಭದ ದಾಸ್ತಾನು ಸುಮಾರು 6,900, ಕೊನೆಯ ದಾಸ್ತಾನು ಸುಮಾರು 3,300, ನಲವತ್ತು ವರ್ಷಗಳಲ್ಲಿ ನಿವ್ವಳ ಇಳಿಕೆ ಸುಮಾರು 3,600 ಚದರ ಕಿಲೋಮೀಟರ್. ಎಲ್ಲವೂ ಬಯಲಾಗಿಲ್ಲ, ಬಹುಭಾಗ ನೆಡುತೋಪು, ಕೃಷಿ, ಬೇರೆ ಬಗೆಯ ಕಾಡು, ಜಲಾಶಯ, ಊರು ಆಗಿದೆ. ಹಾಗಾಗಿಯೇ ಬರೀ ‘ಹಸಿರು ಹೊದಿಕೆ’ ಎಂದರೆ ಸಾಲದು, ಯಾವ ಬಗೆಯ ಹಸಿರು ಎಂದು ಕಾಲಮ್ಮು ಹಾಕಬೇಕು. ಅಕೇಶಿಯಾ ನೆಡುತೋಪನ್ನೂ ಹಳೆಯ ಕಾಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿದರೆ ಲೆಕ್ಕ ತಾಳೆಯಾಗುತ್ತದೆ, ಸತ್ಯ ತಾಳೆಯಾಗುವುದಿಲ್ಲ.

ಆಮೇಲೆ ಸ್ಥಿತಿ

ವಿಸ್ತೀರ್ಣ ಅಷ್ಟೇ ಇದ್ದು ಒಳಗೆ ಸವೆದುಹೋಗುವುದೂ ಉಂಟು. ಇದಕ್ಕೆ ದಾಂಡೇಲಿ ಕಡೆಯ ಬಿದಿರಿನ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. 1950ರ ದಶಕದ ಕೊನೆಯಲ್ಲಿ ಅಲ್ಲಿ ಕಾಗದದ ಕಾರ್ಖಾನೆ ಬಂದಾಗ ಜಿಲ್ಲೆಯ ಬಿದಿರು ಬಹುಕಾಲ ಸಾಲುವಷ್ಟಿದೆ ಎಂದೇ ಭಾವಿಸಲಾಗಿತ್ತು. ಕಾರ್ಖಾನೆಗೆ ಬಿದಿರು ಸಿಗುತ್ತಿದ್ದ ದರಕ್ಕೂ ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಕೊಡುತ್ತಿದ್ದ ಬೆಲೆಗೂ ಅಜಗಜಾಂತರವಿತ್ತು. ಬಿದಿರು ಕೈಗೆ ಸಿಗದೆ ಬುಟ್ಟಿ ನೇಯುವವರು ದೂರಿದ ಮೇಲೆ 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಈ ಕಾಡುಗಳಲ್ಲಿ ಅಧ್ಯಯನಕ್ಕೆ ತೊಡಗಿದರು.

ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳನ್ನು ಸವರಿ ಚೊಕ್ಕಟ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ಕಡಿತದವರ ನಂಬಿಕೆಯಾಗಿತ್ತು. ಹಳ್ಳಿಯವರು ಬೇರೆ ಹೇಳಿದರು: ಮುಳ್ಳು ಇದ್ದರೆ ತಾನೇ ಎಳೆ ಕಳಲೆ ದನದ ಬಾಯಿಗೆ ಸಿಗದೆ ಉಳಿಯುವುದು? ಗಾಡ್ಗೀಳರ ವೀಕ್ಷಣೆ ಹಳ್ಳಿಯವರ ಮಾತನ್ನೇ ದೃಢಪಡಿಸಿತು. ಇಲ್ಲಿ ಲೆಕ್ಕದ ಪಾಠವಿದೆ. ಕಾರ್ಖಾನೆಯ ಪುಸ್ತಕದಲ್ಲಿ ಟನ್ನುಗಟ್ಟಲೆ ಬಿದಿರು, ರಾಷ್ಟ್ರೀಯ ಆದಾಯದಲ್ಲಿ ಕಾಗದ, ಸರ್ಕಾರದ ಪುಸ್ತಕದಲ್ಲಿ ರಾಜಧನ ದಾಖಲಾದವು. ಕಳಲೆ ಬೆಳೆದು ಬಿದಿರಾಗುತ್ತಿದೆಯೇ ಎಂಬ ಒಂದು ಕಾಲಮ್ಮು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದು ಇದ್ದದ್ದು ದನ ಕಾಯುವವರ ಮತ್ತು ಬುಟ್ಟಿ ನೇಯುವವರ ತಲೆಯಲ್ಲಿ.

ಸ್ಥಿತಿಯ ಸೂಚಕ ದುಬಾರಿ ಉಪಕರಣ ಬೇಡುವುದಿಲ್ಲ ಎಂದು ತೋರಿಸಲು ಮಕ್ಕಳಿಗೆ ಒಂದು ಮನೆಗೆಲಸ ಕೊಟ್ಟೆ: ನಿಮ್ಮ ಮನೆಯ ಹತ್ತಿರದ ಹಳ್ಳ ಯಾವ ತಿಂಗಳು ಒಣಗುತ್ತದೆ? ಅಜ್ಜಿ ಮದುವೆಯಾಗಿ ಬಂದಾಗ ಯಾವ ತಿಂಗಳು ಒಣಗುತ್ತಿತ್ತು? ನಮ್ಮ ಜಿಲ್ಲೆಯ ನದಿಕಣಿವೆಗಳಲ್ಲಿ ನಡೆದ ಅಧ್ಯಯನಗಳು ಕಂಡುಕೊಂಡದ್ದು ಇದನ್ನೇ: ಜಲಾನಯನದಲ್ಲಿ ಶೇ. 60ಕ್ಕಿಂತ ಹೆಚ್ಚು ಸ್ಥಳೀಯ ಜಾತಿಯ ಸಸ್ಯವರ್ಗ ಉಳಿದಿದ್ದರೆ ಹಳ್ಳ ವರ್ಷವಿಡೀ ಹರಿಯುತ್ತದೆ, ಕಾಡು ಸವೆದಂತೆ ಹರಿಯುವ ತಿಂಗಳುಗಳು ಕಡಿಮೆಯಾಗುತ್ತವೆ. ನೆನಪು ಅಂಕಿಅಂಶವಲ್ಲ ಎಂದು ಮಕ್ಕಳಿಗೆ ಹೇಳಬೇಕು, ಹೇಳಿದೆ. ಆದರೆ ಹಲವು ಮನೆಗಳ ನೆನಪು ಒಂದೇ ದಿಕ್ಕು ತೋರಿಸಿದರೆ ಅದು ಅಳೆಯಲು ಹೊರಡಬೇಕಾದ ಜಾಗವನ್ನು ತೋರಿಸುತ್ತದೆ ಎಂದೂ ಹೇಳಿದೆ.

ಸೇವೆ: ಅಳಿವೆಯ ಒಂದು ಲೆಕ್ಕ

ಪರಿಸರ ವ್ಯವಸ್ಥೆ ಕೊಡುವ ಸೇವೆಗೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯನ್ನು ತೆಗೆದುಕೊಂಡೆ. ಅಂಕೋಲೆ ದಾಟಿದರೆ ಅಲ್ಲಿಗೆ ದೂರವಿಲ್ಲ, ಮಕ್ಕಳಲ್ಲಿ ಹಲವರು ಅಲ್ಲಿನ ಬೆಳಚು ತಿಂದವರೇ. 2008ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಆ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಸಿಗುತ್ತಿದ್ದವು, ಅವುಗಳ ಮೌಲ್ಯ ಸುಮಾರು ₹5.78 ಕೋಟಿ, ನೇರ ದುಡಿಮೆ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ.

ಭಾಗಿಸಿ ನೋಡಲು ಹೇಳಿದೆ. ಕಿಲೋಗೆ ಎರಡೂವರೆ ರೂಪಾಯಿ ಚಿಲ್ಲರೆ! ‘ಇಷ್ಟೇನಾ?’ ಎಂದು ಆಶ್ಚರ್ಯಪಟ್ಟರು. ಆ ಆಶ್ಚರ್ಯವೇ ಪಾಠದ ತಿರುವು. ಈ ಎರಡೂವರೆ ರೂಪಾಯಿ ಏನನ್ನು ಅಳೆಯುತ್ತದೆ? ಚಿಪ್ಪು ಸಮೇತ ತೂಗಿದ ಸರಕು ಮೊದಲ ಕೈಯಿಂದ ಎರಡನೆಯ ಕೈಗೆ ಹೋಗುವಾಗಿನ ದರವನ್ನು. ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಇಳಿದರೆ ಬಂಡವಾಳವಿಲ್ಲದೆ ಊಟ ಸಿಗುತ್ತದೆ ಎಂಬ ಭದ್ರತೆ ಅದರಲ್ಲಿಲ್ಲ. ಕಾಂಡ್ಲಾ ಬೇರಿನ ನಡುವೆ ಬೆಳೆದು ಕಡಲಿಗೆ ಹೋಗುವ ಮೀನುಮರಿ, ಗಜನಿ ಗದ್ದೆಯ ಕಗ್ಗ ಭತ್ತ, ನೆರೆಯ ಹೊಡೆತವನ್ನು ತಡೆಯುವ ದಂಡೆ ಯಾವುದೂ ಅದರಲ್ಲಿಲ್ಲ. ತದಡಿಯಲ್ಲಿ ದೊಡ್ಡ ಯೋಜನೆಗಳ ಪ್ರಸ್ತಾಪ ಬಂದಾಗಲೆಲ್ಲ ‘ಇಲ್ಲಿ ಏನಿದೆ?’ ಎಂಬ ಪ್ರಶ್ನೆಗೆ ಉತ್ತರ ಹೇಳಲು ಇಂಥ ಲೆಕ್ಕಗಳು ನೆರವಾದವು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಲೆಕ್ಕ ಪೂರ್ಣವಾಗಿರಲಿಲ್ಲ. ಆದರೆ ಖಾಲಿ ಕಾಲಮ್ಮು ಸರ್ಕಾರಿ ಕಡತದಲ್ಲಿ ‘ಸೊನ್ನೆ’ ಎಂದು ಓದಿಸಿಕೊಳ್ಳುತ್ತದೆ. ಅಪೂರ್ಣ ಅಂಕಿ ಕನಿಷ್ಠ ಆ ಸೊನ್ನೆಯನ್ನು ಅಳಿಸುತ್ತದೆ.

ಕೊನೆಗೆ ರೂಪಾಯಿ

ಈಗ ಹುಡುಗಿಯ ಪ್ರಶ್ನೆಗೆ ಮರಳಿದೆ. ಹೆಕ್ಟೇರಿಗೆ ₹10.43 ಲಕ್ಷ ಎಲ್ಲಿಂದ ಬಂತು? ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಕಾಡು ಬಿಟ್ಟುಕೊಡುವಾಗ ಅದರ ನಿವ್ವಳ ಪ್ರಸ್ತುತ ಮೌಲ್ಯವನ್ನು ವಸೂಲು ಮಾಡಬೇಕೆಂದಿತು. ಅದನ್ನು ಲೆಕ್ಕ ಹಾಕುವ ವಿಧಾನ ಸೂಚಿಸಲು ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಅವರ ನೇತೃತ್ವದ ಸಮಿತಿ ಕುಳಿತಿತು. ಮರ, ಸೌದೆ, ಕಿರು ಉತ್ಪನ್ನ, ಇಂಗಾಲ, ನೀರು ಮುಂತಾಗಿ ಕಾಡು ಮುಂದಿನ ವರ್ಷಗಳಲ್ಲಿ ಕೊಡುವುದನ್ನು ಅಂದಾಜಿಸಿ ಇಂದಿನ ಮೌಲ್ಯಕ್ಕೆ ಇಳಿಸುವುದು ಇದರ ತಿರುಳು.

‘ಇಂದಿನ ಮೌಲ್ಯಕ್ಕೆ ಇಳಿಸುವುದು’ ಎಂಬಲ್ಲಿ ನಿಲ್ಲಬೇಕು. ಐವತ್ತು ವರ್ಷಗಳ ನಂತರ ಸಿಗುವ ₹100 ವಾರ್ಷಿಕ ಶೇ. 5ರ ಕಡಿತದಲ್ಲಿ ಇಂದು ₹8.72. ಶೇ. 2ರ ಕಡಿತದಲ್ಲಿ ಸುಮಾರು ₹37. ಕಾಡು ಅದೇ, ಹಳ್ಳ ಅದೇ, ನೂರು ರೂಪಾಯಿಯೂ ಅದೇ. ಕಡಿತದ ದರ ಬದಲಾದರೆ ಮೌಲ್ಯ ನಾಲ್ಕು ಪಟ್ಟು ಬದಲಾಗುತ್ತದೆ. ‘ಐವತ್ತು ವರ್ಷದ ನಂತರ ಇಲ್ಲಿ ಇರುವವರು ಯಾರು?’ ಎಂದು ಕೇಳಿದೆ. ‘ನಾವೇ’ ಎಂದರು. ಅಂದರೆ ಈ ದರ ಅವರಿಗೆ ಇಂದು ಎಷ್ಟು ಮತ ಕೊಡಬೇಕೆಂದು ನಿರ್ಧರಿಸುತ್ತದೆ. ಅದು ಗಣಿತದ ಪ್ರಶ್ನೆಯಷ್ಟೇ ಅಲ್ಲ.

ಆದ್ದರಿಂದ ಉತ್ತರ ಇದು: ಆ ಅಂಕಿ ಕಾಡಿನ ಬೆಲೆಯಲ್ಲ. ಕೆಲವು ಸೇವೆಗಳ, ಕೆಲವು ಊಹೆಗಳ ಮೇಲೆ ನಿಂತ, ಇಷ್ಟಕ್ಕಿಂತ ಕಡಿಮೆಯೆಂದು ಹೇಳಬಾರದೆಂಬ ಒಂದು ಗೆರೆ. ಕಡಿಯಬಹುದೇ ಎಂಬ ಪ್ರಶ್ನೆ ಅದಕ್ಕಿಂತ ಮೊದಲು, ಬೇರೆಯಾಗಿ, ಕಾನೂನಿನಲ್ಲಿ, ಜನರ ಮುಂದೆ ತೀರ್ಮಾನವಾಗಬೇಕು. ಹುಡುಗಿ ಪೂರ್ತಿ ಒಪ್ಪಲಿಲ್ಲ. ‘ಆದ್ರೂ ದುಡ್ಡು ಕಟ್ಟಿದ ಮೇಲೆ ಕಡೀತಾರಲ್ಲ’ ಎಂದಳು. ಅವಳ ಮಾತಿನಲ್ಲಿ ಸತ್ಯವಿದೆ. ಮೌಲ್ಯ ಹೇಳಿದೊಡನೆ ಅದು ದರವಾಗಿ ಬಳಕೆಯಾಗುವ ಅಪಾಯ ಈ ಶಾಸ್ತ್ರದ ಒಳಗೇ ಇರುವ ವಾದ. ಅದನ್ನು ತರಗತಿಯಿಂದ ಮುಚ್ಚಿಡಬಾರದು.

ದೇಶದ ಮಟ್ಟದಲ್ಲಿ ಆದದ್ದನ್ನು ಚುಟುಕಾಗಿ ಹೇಳಿದೆ. ಪಾರ್ಥ ದಾಸ್‌ಗುಪ್ತ ಅವರ ನೇತೃತ್ವದ ತಜ್ಞರ ಗುಂಪು 2013ರಲ್ಲಿ ಭಾರತಕ್ಕೆ ಹಸಿರು ರಾಷ್ಟ್ರೀಯ ಲೆಕ್ಕದ ಚೌಕಟ್ಟು ಕೊಟ್ಟಿತು. 2017ರಲ್ಲಿ ಆರಂಭವಾದ ವಿಶ್ವಸಂಸ್ಥೆಯ ನೈಸರ್ಗಿಕ ಬಂಡವಾಳ ಯೋಜನೆಯ ಐದು ದೇಶಗಳಲ್ಲಿ ಭಾರತ ಒಂದು, ಅದರಲ್ಲಿ ಕರ್ನಾಟಕದ ಪರಿಸರ ವ್ಯವಸ್ಥೆಗಳ ಲೆಕ್ಕವೂ ತಯಾರಾಯಿತು. ಕೇಂದ್ರ ಅಂಕಿಅಂಶ ಸಚಿವಾಲಯ 2018ರಿಂದ ‘ಎನ್ವಿಸ್ಟ್ಯಾಟ್ಸ್ ಇಂಡಿಯಾ’ ಪ್ರಕಟಿಸುತ್ತಿದೆ. 2025ರ ಮಾರ್ಚ್‌ನಲ್ಲಿ ಅಂಗೀಕಾರವಾದ ರಾಷ್ಟ್ರೀಯ ಲೆಕ್ಕಗಳ ಹೊಸ ಅಂತರರಾಷ್ಟ್ರೀಯ ಪದ್ಧತಿ ನೈಸರ್ಗಿಕ ಸಂಪನ್ಮೂಲದ ಕರಗುವಿಕೆಯನ್ನು ಉತ್ಪಾದನೆಯ ವೆಚ್ಚವೆಂದೇ ಪರಿಗಣಿಸುತ್ತದೆ, ನಿವ್ವಳ ಉತ್ಪನ್ನದಿಂದ ಅದನ್ನು ಕಳೆಯುತ್ತದೆ. ನಾವು ಇಂದು ಕಲಿಸುವ ಸೂತ್ರಕ್ಕೆ ನಾಳೆ ಒಂದು ಪದ ಸೇರಲಿದೆ.

ಹೆಜ್ಜೆಗುರುತು: ಯಾರ ಭಾರ ಯಾರ ನೆಲದ ಮೇಲೆ?

ನೈಸರ್ಗಿಕ ಬಂಡವಾಳದ ಲೆಕ್ಕ ಒಂದು ಸ್ಥಳದಲ್ಲಿ ನಿಂತು ‘ಇಲ್ಲಿ ಏನು ಉಳಿದಿದೆ?’ ಎಂದು ಕೇಳುತ್ತದೆ. ಹೆಜ್ಜೆಗುರುತಿನ ಲೆಕ್ಕ ಬಳಸುವವರ ಬಳಿ ನಿಂತು ‘ನಿಮ್ಮ ಬಳಕೆಯ ಭಾರ ಎಲ್ಲಿ ಬಿದ್ದಿದೆ?’ ಎಂದು ಕೇಳುತ್ತದೆ. 1990ರ ದಶಕದಲ್ಲಿ ಕೆನಡಾದಲ್ಲಿ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವಾಕರ್ನೇಗೆಲ್ ಪರಿಸರ ಹೆಜ್ಜೆಗುರುತನ್ನು ಭೂಮಿಯ ವಿಸ್ತೀರ್ಣದಲ್ಲಿ ಹೇಳುವ ವಿಧಾನ ರೂಪಿಸಿದರು. 2002ರಲ್ಲಿ ಆರ್ಯೆನ್ ಹೂಕ್ಸ್ಟ್ರಾ ನೀರಿನ ಹೆಜ್ಜೆಗುರುತಿನ ಕಲ್ಪನೆ ತಂದರು.

ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ಹೊಸದಲ್ಲ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಕಡೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಇದೆ. ತೋಟ ಒಂದು ಎಕರೆ ಎಂದು ಪಹಣಿ ಹೇಳುತ್ತದೆ. ಆದರೆ ಆ ತೋಟ ನಿಂತಿರುವುದು ಹತ್ತು ಎಕರೆಯ ಮೇಲೆ. ಹೆಜ್ಜೆಗುರುತು ಎಂದರೆ ಇಷ್ಟೇ: ಪಹಣಿಯಲ್ಲಿ ಕಾಣದ ಆ ಒಂಬತ್ತು ಎಕರೆ. ವ್ಯತ್ಯಾಸವೊಂದೇ. ಇಲ್ಲಿ ಬೆಟ್ಟ ತೋಟದವನ ಕಣ್ಣೆದುರಿಗಿದೆ, ಸವರಿದರೆ ಅವನಿಗೇ ಗೊತ್ತಾಗುತ್ತದೆ. ದೂರದ ನಗರದಲ್ಲಿ ಗುಂಡಿ ಒತ್ತಿದವನಿಗೆ ಅವನ ದೀಪದ ಬೆಟ್ಟ ಕಾಣುವುದಿಲ್ಲ.

ಕೈಗಾದ ಉದಾಹರಣೆ ಇನ್ನೊಂದು ಸೂಕ್ಷ್ಮ ತೋರಿಸುತ್ತದೆ. ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿಯ 2014ರ ವರದಿಯ ಪ್ರಕಾರ ಸ್ಥಾವರದ ಇಡೀ ಜೀವಿತಾವಧಿ ಲೆಕ್ಕ ಹಾಕಿದರೆ ಒಂದು ಯೂನಿಟ್ ವಿದ್ಯುತ್ತಿಗೆ ಹೊರಬೀಳುವ ಇಂಗಾಲಾನಿಲದ ಮಧ್ಯಂಕ ಕಲ್ಲಿದ್ದಲಿಗೆ 820 ಗ್ರಾಂ, ಜಲವಿದ್ಯುತ್ತಿಗೆ 24 ಗ್ರಾಂ, ಅಣುವಿದ್ಯುತ್ತಿಗೆ 12 ಗ್ರಾಂ. ಇಂಗಾಲದ ಹೆಜ್ಜೆ ಒಂದನ್ನೇ ಅಳೆದರೆ ಮಲ್ಲಾಪುರದ ವಿದ್ಯುತ್ತು ಅತ್ಯಂತ ಹಗುರ. ಅದು ನಿಜ, ಸ್ಥಾವರದಲ್ಲಿ ದುಡಿಯುವವರ ಮಕ್ಕಳು ಹೆಮ್ಮೆಪಡುವುದರಲ್ಲಿ ತಪ್ಪಿಲ್ಲ. ಆದರೆ ಸ್ಥಾವರ ತಂಪಾಗಲು ಕದ್ರಾ ಜಲಾಶಯದ ನೀರು ಬೇಕು, ಬೆಚ್ಚಗಾದ ನೀರು ಮತ್ತೆ ಅಲ್ಲಿಗೇ ಸೇರುತ್ತದೆ. ಬಳಸಿದ ಇಂಧನವನ್ನು ಬಹುಕಾಲ ಕಾಯಬೇಕು. ಜಲಾಶಯಕ್ಕೆ ನೆಲ ಬೇಕಾಯಿತು. ಇವು ಇಂಗಾಲದ ಕಾಲಮ್ಮಿನಲ್ಲಿ ಬರುವುದಿಲ್ಲ. ಒಂದು ಹೆಜ್ಜೆಗುರುತಿನಿಂದ ತೀರ್ಪು ಕೊಡಬಾರದು: ಇಂಗಾಲ, ನೀರು, ನೆಲ, ತ್ಯಾಜ್ಯ ಎಂದು ನಾಲ್ಕು ಕಾಲಮ್ಮು ಹಾಕಿ, ಯಾವುದನ್ನೂ ಇನ್ನೊಂದರಲ್ಲಿ ಮುಳುಗಿಸದೆ ಬಿಡಬೇಕು.

ಅಜ್ಜನ ತೋಟ

ಇನ್ನು ಹುಡುಗನ ಪ್ರಶ್ನೆ. ಈ ಸಲ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ, ನೇರವಾಗಿ ಹೇಳಿದೆ. ತೋಟ ಇದ್ದಷ್ಟು ದಿನ ಅದರ ಅಡಿಕೆ, ತೆಂಗು ಕೃಷಿ ಉತ್ಪನ್ನದಲ್ಲಿ ಬಂದವು. ಅಣೆಕಟ್ಟೆ ಕಟ್ಟಿದ್ದು ಬಂಡವಾಳ ಹೂಡಿಕೆಯಾಗಿ ಜಿಡಿಪಿಗೆ ಸೇರಿತು. ವಿದ್ಯುತ್ತು ಪ್ರತಿವರ್ಷ ಸೇರುತ್ತಿದೆ. ಪರಿಹಾರದ ಹಣ ಸೇರುವುದಿಲ್ಲ, ಇದ್ದ ಆಸ್ತಿ ಕೈ ಬದಲಾದರೆ ಅದು ಹೊಸ ಉತ್ಪಾದನೆಯಲ್ಲ. ತೋಟ ಮುಳುಗಿತು ಎಂಬುದಕ್ಕೆ ಜಿಡಿಪಿಯಲ್ಲಿ ಕಾಲಮ್ಮಿಲ್ಲ. ಮರುವರ್ಷದ ಕೃಷಿ ಉತ್ಪನ್ನದಿಂದ ಅದು ಸದ್ದಿಲ್ಲದೆ ಬಿಟ್ಟುಹೋಯಿತು, ಅಷ್ಟೇ. ಹೊಸ ಬಗೆಯ ಲೆಕ್ಕದಲ್ಲಿ ಅದು ವಿಸ್ತೀರ್ಣದ ಕೋಷ್ಟಕದಲ್ಲಿ ಬರುತ್ತದೆ: ತೋಟ ಇಷ್ಟು ಹೆಕ್ಟೇರು ಇಳಿಕೆ, ಜಲರಾಶಿ ಅಷ್ಟೇ ಹೆಕ್ಟೇರು ಏರಿಕೆ.

ಹುಡುಗ ಅದನ್ನು ಬರೆದುಕೊಂಡ. ಆಮೇಲೆ ‘ತೋಟದ ಮೂಲೆಯಲ್ಲಿ ನಾಗರಬನ ಇತ್ತಂತೆ, ಅದು?’ ಎಂದ. ಅದಕ್ಕೆ ಕಾಲಮ್ಮಿಲ್ಲ, ಇರಬೇಕಾಗಿಯೂ ಇಲ್ಲ ಎಂದೆ. ಕೋಷ್ಟಕದ ಕೆಳಗೆ ಒಂದು ಸಾಲು ಎಳೆದು ‘ಲೆಕ್ಕಕ್ಕೆ ಸಿಗದ್ದು’ ಎಂದು ಬರೆದು, ಅದನ್ನು ಅಕ್ಷರದಲ್ಲಿ ಬರೆಯೋಣ ಎಂದೆವು. ಆ ಸಾಲು ತುಂಬಲು ಅವನೊಬ್ಬನೇ ಅಲ್ಲ, ಇನ್ನೂ ನಾಲ್ಕೈದು ಮಂದಿ ಎದ್ದು ಬಂದರು.

ಪ್ರಶಿಕ್ಷಣಾರ್ಥಿಗಳಿಗೆ

ಈ ಘಟಕವನ್ನು ತೆಗೆದುಕೊಳ್ಳುವವರು ನಾಲ್ಕು ಮಾತು ಗಮನದಲ್ಲಿಡಬೇಕು. ಒಂದು, ಕ್ರಮ ಬದಲಿಸಬೇಡಿ: ವಿಸ್ತೀರ್ಣ, ಸ್ಥಿತಿ, ಸೇವೆ, ಆಮೇಲೆ ರೂಪಾಯಿ. ಎರಡು, ಯಾವ ಹಣದ ಅಂಕಿ ಬರೆದರೂ ಅದರ ಪಕ್ಕದಲ್ಲೇ ಅದು ಏನನ್ನು ಅಳೆದಿದೆ, ಏನನ್ನು ಬಿಟ್ಟಿದೆ ಎಂದು ಬರೆಯಿರಿ. ಮೂರು, ಹೆಜ್ಜೆಗುರುತನ್ನು ಮಕ್ಕಳಲ್ಲಿ ತಪ್ಪಿತಸ್ಥ ಭಾವ ಹುಟ್ಟಿಸಲು ಬಳಸಬೇಡಿ. ಒಂದು ಫ್ಯಾನಿನ ಮನೆಯ ಮಗುವಿಗೂ ನಾಲ್ಕು ಎಸಿಯ ಮನೆಯ ಮಗುವಿಗೂ ಒಂದೇ ಉಪದೇಶ ಹೇಳಿದರೆ ಅದು ಲೆಕ್ಕವೂ ಅಲ್ಲ, ನ್ಯಾಯವೂ ಅಲ್ಲ. ನಾಲ್ಕು, ಮೌಲ್ಯಮಾಪನದಲ್ಲಿ ವ್ಯಾಖ್ಯೆ ಕೇಳುವುದಕ್ಕಿಂತ ಒಂದು ಖಾಲಿ ಕೋಷ್ಟಕ ಕೊಡಿ: ಆರಂಭದ ದಾಸ್ತಾನು, ಏರಿಕೆ, ಇಳಿಕೆ, ಕೊನೆಯ ದಾಸ್ತಾನು. ಕಾಲೇಜಿನ ಆವರಣದ ಮರಗಳಾದರೂ ಸರಿ, ಊರಿನ ಕೆರೆಯಾದರೂ ಸರಿ.

ಪಾಠದ ಕೊನೆಗೆ ಹಳ್ಳದ ಮನೆಗೆಲಸವನ್ನು ಒಟ್ಟು ಮಾಡಿ ಹಲಗೆಯ ಮೇಲೆ ತಿಂಗಳವಾರು ಗುರುತು ಹಾಕಿದೆವು. ಕೆಲವರ ಹಳ್ಳ ಇಂದಿಗೂ ಬತ್ತಿಲ್ಲ. ಕೆಲವರದು ಅಜ್ಜಿಯ ಕಾಲಕ್ಕಿಂತ ಬೇಗ ಒಣಗುತ್ತದೆ. ಸ್ಥಾವರದ ವಸತಿಯ ಮಕ್ಕಳು ತಮ್ಮ ಮನೆ ಹತ್ತಿರ ಹಳ್ಳವಿಲ್ಲವೆಂದು ಹಳ್ಳಿಯ ಗೆಳೆಯರ ಮನೆಗೆ ಹೋಗಿ ಕೇಳಿ ಬಂದಿದ್ದರು. ಇದನ್ನು ಪಾಠಯೋಜನೆಯಲ್ಲಿ ನಾನು ಬರೆದಿರಲಿಲ್ಲ. ಮುಂದಿನ ಸಲ ಬರೆಯುತ್ತೇನೆ.